ಗಾಡಿ ನಿಲ್ಲುವ ಒಂದೆರಡು ನಿಮಿಷ

ತೊರವಿಗೆ ರೇಲ್ವೆ ಸ್ಟೇಶನ್ನಿಲ್ಲ. ನರಸಿಂಹಸ್ವಾಮಿಯ ಆ ಊರಿನವರೂ ಅಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರೂ ಗಾಡಿ ಹಿಡಿಯಬೇಕಾದರೆ ವಿಜಯಪುರಕ್ಕೆ ಬರತಕ್ಕದ್ದು. ಇಲ್ಲಿ ಹತ್ತುವದು ಒಂದು ಕಷ್ಟವಾದರೆ, ಇಂಡಿ ರೋಡ, ಬಸವನ ಬಾಗೇವಾಡಿ ರೋಡದಂತಹ ಸಣ್ಣ ಸ್ಟೇಶನ್ನುಗಳಲ್ಲಿ ಇಳಿಯುವದು ಮತ್ತೊಂದು ಕಷ್ಟ. ಅಲ್ಲಿ ಗಾಡಿ ನಿಲ್ಲುವದು ಒಂದೆರಡು ನಿಮಿಷ ಮಾತ್ರ.

ನಿಮಿಷಗಳನ್ನು ಹೆಚ್ಚಿಸಿರೆಂಬ ಕೂಗು ಹಳೆಯದು. ಅಷ್ಟರಿಂದಲೇ ಕಾರ್ಯವಾದೀತೆಂದು ನಮಗೆ ತೋರುವದಿಲ್ಲ. ಒಂದು ಡಬ್ಬಿಗೆ ಪ್ಲ್ಯಾಟಫಾರ್ಮಿನ ಕಡೆಗೆ ಇರುವವು ಎರಡೇ ಬಾಗಿಲು. ಗಂಟು ಹೊತ್ತವನೊಬ್ಬನು ದಾಟಲು ಎರಡೇ ಸೆಕೆಂಡು ಸಾಕೆಂದು ಹಿಡಿದರೂ, ಒಂದೇ ಬಾಗಿಲಿನಲ್ಲಿ 30 ಜನರು ಇಳಿದು 40 ಜನರು ಏರುವಷ್ಟರಲ್ಲಿ 140 ಸೆಕೆಂಡು ಕಳೆದುಹೋಗುವವು. ಅದೇ ಹೊತ್ತಿಗೆ ನಡುವಿನ ಕಾಯ್ದಿಟ್ಟ ಡಬ್ಬಿಯ ಬಾಗಿಲಿನಲ್ಲಿ ಐದು ಜನರು ಹತ್ತಿಳಿದು ಹತ್ತು ಸೆಕೆಂಡಿನಲ್ಲಿ ಕೆಲಸ ತೀರಿರುವದು. ಗಾಡಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನಿರ್ಣಯಿಸುವದು ಇಡೀ ಗಾಡಿಯ ಜನಸಂಖ್ಯೆಯಲ್ಲ, ಅತ್ಯಂತ ಗರ್ದಿಯಾದ ಆ ಒಂದು ಬಾಗಿಲು. ಸಾಮಾನ್ಯ ವರ್ಗದ ಡಬ್ಬಿಗಳಾದರೋ ಬಹುತರವಾಗಿ ಗಾಡಿಯ ತಲೆಗೂ ಬಾಲಕ್ಕೂ ಇರುವವು. ಬಡವನು ಸ್ಟೇಶನ್ನಿನ ಈ ತುದಿಯಿಂದ ಆ ತುದಿಗೆ ಓಡುವದರಲ್ಲಿಯೇ ಅರ್ಧ ವೇಳೆ ಹೋಗುವದು.

ಬೆಂಗಳೂರಿನಲ್ಲಿ 2011ರಿಂದ ಓಡುತ್ತಿರುವ ಮೆಟ್ರೋ ಗಾಡಿಯು ಅರ್ಧ ನಿಮಿಷದಷ್ಟು ನಿಂತು ಹೊರಡುವದು ಮಾಟವೇನಲ್ಲ. ಅಲ್ಲಿ ಬಾಗಿಲುಗಳು ಅಗಲವಾದವು, ಹಲವಾದವು. ಗಾಡಿಯ ನೆಲವೂ ಪ್ಲ್ಯಾಟಫಾರ್ಮಿನ ನೆಲವೂ ಸಮ. ನಮ್ಮಲ್ಲಿ ಎತ್ತರದ ಪ್ಲ್ಯಾಟಫಾರ್ಮೆಂದರೂ ಹಳಿಯಿಂದ 760ರಿಂದ 840 ಮಿಲಿಮೀಟರು. ಡಬ್ಬಿಯ ನೆಲವು ಅದಕ್ಕೂ ಮೊಳದಷ್ಟು ಮೇಲೆ. ಮುದುಕಿಯೊಬ್ಬಳು ಅದನ್ನು ಏರುವದನ್ನು ನೋಡಿದವರು ಸೆಕೆಂಡಿನ ಲೆಕ್ಕವನ್ನು ಬೇರೆಯಾಗಿ ಮಾಡಿಯಾರು. ಇಳಿಯುವವರಿಗೆ ದಾರಿ ಕೊಡದೆ ಮೊದಲೇ ನುಗ್ಗುವ ನಮ್ಮ ಜನರ ಚಾಳಿಯನ್ನೂ ಮುಚ್ಚಿಡಲಾರೆವು.

ವಿಳಂಬವು ವಿಳಂಬವನ್ನು ಹಡೆಯುವದು. ಗಾಡಿ ತಡವಾದಷ್ಟು ಮುಂದಿನ ಸ್ಟೇಶನ್ನಿನಲ್ಲಿ ಜನ ಕೂಡುವರು. ಜನ ಕೂಡಿದಷ್ಟು ಗಾಡಿ ಇನ್ನೂ ನಿಲ್ಲಬೇಕಾಗುವದು. ಮೈಸೂರಿನಿಂದ ಪಂಢರಪುರಕ್ಕೆ ಹೋಗುವ ಗೋಲಗುಂಬಜ ಎಕ್ಸ್‌ಪ್ರೆಸ್ಸಿಗೆ ಆಷಾಢ ಏಕಾದಶಿಯ ಕಾಲದಲ್ಲಿಯೂ ಬರಿದಿನದ ನಿಮಿಷಗಳೇ ಸಾಕೆಂಬುದು ಯಾವ ಲೆಕ್ಕ?

ಹತ್ತುವಾಗ ಇಳಿಯುವಾಗ ಬಿದ್ದು ಸತ್ತವರು ಅಜಾಗರೂಕರೆಂದು ಹೇಳಿ ಕೈತೊಳೆದುಕೊಳ್ಳುವ ಕಾಲ ಹೋಯಿತು. ಅಂತಹ ಬೀಳುವಿಕೆಯು 1989ರ ರೇಲ್ವೆ ಕಾಯದೆಯ 124ಎ ಕಲಮಿಗೆ ಒಳಪಡುವದೆಂದೂ, ಬರೇ ಅಜಾಗರೂಕತೆಯ ನೆವದಿಂದ ಪರಿಹಾರವನ್ನು ನಿರಾಕರಿಸಲಾಗದೆಂದೂ ಸುಪ್ರೀಮ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. 2017ರಿಂದ ಜೀವಕ್ಕೆ ಗೊತ್ತುಮಾಡಿದ ಪರಿಹಾರ 8 ಲಕ್ಷ ರೂಪಾಯಿ. ಈ ದುಡ್ಡನ್ನು ಸತ್ತ ಮೇಲೆ ಕೊಡುವದಕ್ಕಿಂತ ಬಾಗಿಲಲ್ಲಿಯೇ ಜೀವ ಉಳಿಸುವದು ಅಗ್ಗವಲ್ಲವೆ?

ಹುಬ್ಬಳ್ಳಿ ವಿಭಾಗದ ಅಧಿಕಾರಿಗಳಿಂದ ನಾವು ಕೇಳುವದು ಬಹಳವಿಲ್ಲ. ಯಾವ ಡಬ್ಬಿ ಎಲ್ಲಿ ನಿಲ್ಲುವದೆಂಬುದನ್ನು ಸಣ್ಣ ಸ್ಟೇಶನ್ನುಗಳಲ್ಲಿಯೂ ಮುಂಚಿತವಾಗಿ ಕನ್ನಡದಲ್ಲಿ ತಿಳಿಸಲಿ. ಜಾತ್ರೆ, ರಜೆಗಳ ದಿನಗಳಿಗೆ ಮಾತ್ರ ನಿಲುಗಡೆಯನ್ನು ಹೆಚ್ಚಿಸಲಿ. ಸಾಮಾನ್ಯ ಡಬ್ಬಿಗಳ ಬಾಗಿಲು ತೆರವಾದದ್ದನ್ನು ಕಂಡ ಮೇಲೆಯೇ ಗಾರ್ಡನು ಹಸಿರು ನಿಶಾನೆ ತೋರಲಿ. 2022ರಲ್ಲಿ ಅವನಿಗೆ ಟ್ರೇನ್ ಮ್ಯಾನೇಜರನೆಂಬ ದೊಡ್ಡ ಹೆಸರು ಬಂದಿದೆ, ಕೆಲಸವು ಹಳೆಯದೇ. ಬರುವ ಆಷಾಢದೊಳಗೆ ಇಷ್ಟಾದರೂ ಆಗಬೇಕು.