ಸೇತುವೆ ಬಂತು, ಅಂಬಿಗ ಬೇಡವಾದನೇ?

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಸಿದ್ದಾಪುರದ ನಮ್ಮ ಮನೆಯಿಂದ ತುಮರಿ ಕಡೆಗೆ ಕೊಟ್ಟ ಹೆಣ್ಣುಮಕ್ಕಳು ಹಲವರಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಕರೂರು, ಬಾರಂಗಿ ಹೋಬಳಿಗಳ ಜನ ನಡುಗಡ್ಡೆಯವರಂತಾದರು. ನಾಡಿಗೆ ಬೆಳಕು ಕೊಟ್ಟವರು ಆರು ದಶಕಗಳ ಕಾಲ ಲಾಂಚ್‌ನ ಕೊನೆಯ ಸರದಿ ತಪ್ಪೀತೆಂಬ ಆತಂಕದಲ್ಲೇ ಪೇಟೆಯ ಕೆಲಸ ಮುಗಿಸಿಕೊಂಡು ಓಡಿ ಬರಬೇಕಾಯಿತು. ಹೆರಿಗೆ ನೋವು ಕಾಣಿಸಿಕೊಂಡವರನ್ನು ರಾತ್ರಿ ಹೊಳೆ ದಾಟಿಸುವ ಕಷ್ಟ ಬಲ್ಲವರೇ ಬಲ್ಲರು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಆ ಸೇತುವೆ ಇನ್ನೂ ಮೂವತ್ತು ವರ್ಷ ಮೊದಲೇ ಬರಬೇಕಿತ್ತು. ಲಾಂಚ್ ಪಯಣದ ಸೊಗಸು ಹೋಯಿತೆಂದು ಮರುಗಿದವರು ಬಹುತೇಕ ಸಿಗಂದೂರಿಗೆ ವರ್ಷಕ್ಕೊಮ್ಮೆ ಬಂದು ಹೋಗುವ ಪ್ರವಾಸಿಗಳು. ಅವರ ಮರುಕದಲ್ಲಿ ನನಗೆ ಪಾಲಿಲ್ಲ.

ನನ್ನ ಚಿಂತೆ ಬೇರೆ. ಸೇತುವೆ ಬಂದೊಡನೆ ದೋಣಿಯನ್ನು ಮಾತ್ರವಲ್ಲ, ದೋಣಿ ನಡೆಸುವ ತಿಳಿವಳಿಕೆಯನ್ನೂ ಹಿಂದುಳಿದ ಕಾಲದ ಗುರುತೆಂದು ನಾವು ಎಸೆದುಬಿಡುತ್ತೇವೆ. ಹಾಗೆ ಎಸೆದದ್ದನ್ನು ಹೊಳೆ ಮತ್ತೆ ನಮ್ಮಿಂದ ಕೇಳುತ್ತದೆ ಎಂಬುದನ್ನು ಯಲ್ಲಾಪುರದ ಕಡೆ ಕಣ್ಣಾರೆ ಕಂಡಿದ್ದೇನೆ.

ನನ್ನ ಅಜ್ಜನಮನೆ ಬೇಡ್ತಿಯ ಆಚೆ ದಡದಲ್ಲಿ. ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದವರೆಗೆ ಬಸ್ಸಿನಲ್ಲಿ ಬಂದು ಅಲ್ಲಿಂದ ಹೊಳೆ ದಾಟಬೇಕು. ದಾಟಿದರೆ ಅಂಕೋಲಾ ತಾಲ್ಲೂಕು. ಇದೇ ಹೊಳೆ ಕೆಳಗೆ ಹೋದಂತೆ ಗಂಗಾವಳಿಯಾಗುತ್ತದೆ. ಘಟ್ಟದ ಕೆಳಗಿನ ನದಿಗಳಲ್ಲಿ ದೋಣಿಯೆಂದರೆ ಸರಕು ಸಾಗಣೆ. ಗೇರುಸೊಪ್ಪೆಯ ಕಾಳುಮೆಣಸು ಹೊನ್ನಾವರದ ಬಂದರು ಸೇರಿದ್ದು ಶರಾವತಿಯ ನೀರಿನ ಮೇಲೆಯೇ. ಆದರೆ ಘಟ್ಟದ ಮೇಲಿನ ಹೊಳೆಗಳು ಬಂಡೆಗಳ ನಡುವೆ ಹರಿಯುವಂಥವು. ಅಲ್ಲಿ ದೋಣಿಗೆ ಇದ್ದದ್ದು ಒಂದೇ ಕೆಲಸ, ಈ ದಡದವರನ್ನು ಆ ದಡಕ್ಕೆ ಮುಟ್ಟಿಸುವುದು. ಹೇಳಲು ಸುಲಭ.

ನಾನು ಎಂಟೊಂಬತ್ತು ವರ್ಷದವನಿದ್ದಾಗ ನಮ್ಮನ್ನು ದಾಟಿಸುತ್ತಿದ್ದ ಅಂಬಿಗರ ಕೆಲಸ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿ. ಜನ ಹತ್ತಿದ ಕೂಡಲೇ ಅವರು ಎದುರುದಡಕ್ಕೆ ಹೊರಡುತ್ತಿರಲಿಲ್ಲ. ಮೊದಲು ದಡದ ಅಂಚಿನಲ್ಲಿ, ಸೆಳೆತ ಕಡಿಮೆಯಿರುವ ಕಡೆ, ಗಳ ಊರುತ್ತ ಐವತ್ತು ಅರವತ್ತು ಮಾರು ಮೇಲಕ್ಕೆ ಹೋಗುತ್ತಿದ್ದರು. ಆಮೇಲೆ ದೋಣಿಯ ಮೂತಿಯನ್ನು ಎದುರುದಡದ ಕಡೆಗಲ್ಲ, ಮೇಲ್ಹೊಳೆಯ ಕಡೆಗೇ ಓರೆಯಾಗಿ ಹಿಡಿಯುತ್ತಿದ್ದರು. ಮೇಲಕ್ಕೆ ಹುಟ್ಟು ಹಾಕಿದರೆ ದೋಣಿ ಆಚೆಗೆ ಹೇಗೆ ಹೋಗುತ್ತದೆಂಬುದು ನನಗೆ ಬಿಡಿಸಲಾಗದ ಒಗಟಾಗಿತ್ತು. ಹರಿವ ನೀರು ಓರೆಯಾಗಿ ನಿಂತ ದೋಣಿಯ ಮೈಯನ್ನು ತಳ್ಳುತ್ತದೆ. ಅಂಬಿಗನ ಹುಟ್ಟು ಅದನ್ನು ಕೆಳಗೆ ಜಾರದಂತೆ ತಡೆಯುತ್ತದೆ. ಎರಡೂ ಸೇರಿ ದೋಣಿ ಅಡ್ಡಕ್ಕೆ ಸಾಗುತ್ತದೆ. ಇದನ್ನು ನಾನು ತಿಳಿದುಕೊಂಡದ್ದು ಕಾಲೇಜಿನಲ್ಲಿ ಬಲಗಳ ಸಂಯೋಜನೆಯ ಪಾಠ ಓದುವಾಗ. ಅಂಬಿಗರಿಗೆ ಅದು ತೋಳಿನಲ್ಲೇ ಇತ್ತು.

ಅಡಿಕೆ ಮೂಟೆ ನಡುವೆ, ತಳಕ್ಕೆ ತಾಗಿ. ಜನ ಎರಡೂ ಬದಿಗೆ ಸಮನಾಗಿ, ಕುಕ್ಕರುಗಾಲಿನಲ್ಲಿ. ದಡ ಮುಟ್ಟುವ ಮೊದಲು ಯಾರೂ ಏಳಕೂಡದು. ಗಳ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಕೈಬಿಟ್ಟುಬಿಡಬೇಕು. ಜಗ್ಗಾಡುತ್ತ ನಿಂತರೆ ದೋಣಿ ಕಾಲಡಿಯಿಂದ ಹೋಗುತ್ತದೆ, ಮನುಷ್ಯ ಗಳದ ಜೊತೆ ಉಳಿಯುತ್ತಾನೆ. ಅದಕ್ಕೆಂದೇ ದೋಣಿಯಲ್ಲಿ ಇನ್ನೊಂದು ಗಳ ಇರುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ವಿದ್ಯೆ ದೋಣಿ ಬಿಡದಿರುವುದು. ಒಮ್ಮೆ ಆಷಾಢದಲ್ಲಿ ನಾವು ದಡಕ್ಕೆ ಬರುವಾಗ ನೀರು ಕೆಂಪಾಗಿ, ಕಸಕಡ್ಡಿ, ಮರದ ತುಂಡುಗಳನ್ನು ಹೊತ್ತು ಬರುತ್ತಿತ್ತು. ಅಜ್ಜನ ತಿಥಿ; ಅಪ್ಪಯ್ಯನಿಗೆ ಹೋಗಲೇಬೇಕಿತ್ತು. ಅಂಬಿಗರು ಹಗ್ಗ ಬಿಚ್ಚಲಿಲ್ಲ. "ಇವತ್ತಾಗೂದಿಲ್ಲ ಹೆಗಡೇರೆ. ಮೇಲೆ ಎಲ್ಲೋ ಜೋರು ಹೊಡ್ದಿದೆ. ನಾಳೆ ಬನ್ನಿ" ಎಂದರು. ಅಪ್ಪಯ್ಯ ಸಿಟ್ಟಾದರು, ಗದರಿದರು, ಕೊನೆಗೆ ಸುಮ್ಮನಾದರು. ವರ್ಷಕ್ಕಿಷ್ಟು ಭತ್ತ ಅಳೆಸಿಕೊಳ್ಳುತ್ತಿದ್ದ ಮನುಷ್ಯನೊಬ್ಬ ಊರಿನ ದೊಡ್ಡವರೆನಿಸಿಕೊಂಡವರಿಗೆ 'ಆಗದು' ಎಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದೆ ಸೇತುವೆಯಾಯಿತು. ದೋಣಿ ದಡದಲ್ಲೇ ಕೊಳೆತು ಹೋಯಿತು. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. 2021ರ ಜುಲೈ ಮಳೆಯನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆಗಳೊಡನೆ ಗುಡ್ಡವೇ ಜಾರಿತು. ಅದೇ ಮಳೆಗೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಆಚೆಯ ಹಳ್ಳಿಗಳವರು ಶಾಲೆಗೆ, ರೇಷನ್ನಿಗೆ, ಆಸ್ಪತ್ರೆಗೆ ಮತ್ತೆ ದೋಣಿಯನ್ನೇ ನೆಚ್ಚಬೇಕಾಯಿತು.

ಆ ವರ್ಷದ ಮಳೆ ಇಳಿದ ಮೇಲೆ ಬಂಧುಗಳ ಮನೆಗೆಂದು ನಾನೂ ಹಾಗೆಯೇ ದಾಟಿದೆ. ದೋಣಿ ಎಲ್ಲಿಂದಲೋ ತಂದದ್ದು. ನಡೆಸುತ್ತಿದ್ದವನು ಇಪ್ಪತ್ತೆರಡರ ಹುಡುಗ; ಮೊನ್ನೆಯವರೆಗೆ ಗಾರೆ ಕೆಲಸಕ್ಕೆ ಹೋಗುತ್ತಿದ್ದವನು. ಅವನು ಎಲ್ಲರೂ ಸಹಜವೆಂದು ಭಾವಿಸುವುದನ್ನೇ ಮಾಡಿದ. ದೋಣಿಯ ಮೂತಿಯನ್ನು ನೇರ ಎದುರುದಡಕ್ಕೆ ಹಿಡಿದ. ನಡುಹೊಳೆಯಲ್ಲಿ ಸೆಳೆತ ಮೂತಿಯನ್ನು ಹಿಡಿದು ತಿರುಗಿಸಿತು. ದೋಣಿ ಕೆಳಗಿನ ಬಂಡೆಗಳ ಕಡೆಗೆ ಜಾರತೊಡಗಿದಾಗ ಇಬ್ಬರು ಗಾಬರಿಯಿಂದ ಎದ್ದು ನಿಂತರು. ಅಂಚಿನ ಮೇಲಿಂದ ನೀರು ಒಳಬಂತು. ನಮ್ಮ ಜೊತೆಗಿದ್ದ ವಯಸ್ಸಾದ ಹೆಂಗಸೊಬ್ಬರು "ಕೂತ್ಕಳ್ರೋ!" ಎಂದು ಕೂಗಿದ್ದರಿಂದ ಅವರು ಕುಸಿದು ಕುಳಿತರು. ನೂರು ಮಾರು ಕೆಳಗೆ ಮುಳ್ಳುಕಂಟಿಯ ದಡಕ್ಕೆ ತಾಗಿದೆವು. ದೋಣಿಯಲ್ಲಿ ಒಂದೇ ಒಂದು ಜೀವರಕ್ಷಕ ಅಂಗಿ ಇರಲಿಲ್ಲ. ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನಿಗೆ ಯಾರೂ ಕಲಿಸಿರಲಿಲ್ಲ.

ಅದಕ್ಕೆ ಮೂರು ವರ್ಷ ಮೊದಲು, 2018ರಲ್ಲಿ, ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಕಾಲುವೆಯೊಂದರಲ್ಲಿ ಮೂರು ದಿನ ಬಾಡಿಗೆಯ ದೋಣಿ ನಡೆಸಿದ್ದೆ. ಏಳಡಿ ಅಗಲವೂ ಇಲ್ಲದ, ಅರವತ್ತಡಿ ಉದ್ದದ, ಪೆನ್ಸಿಲ್ಲಿನಂಥ ದೋಣಿ. ನಡೆಯುವವರ ವೇಗದಲ್ಲೇ ಹೋಗಬೇಕು. ಹಿಂದೆ ನಿಂತು ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ನೂಕಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಅದೂ ತಕ್ಷಣವಲ್ಲ, ತುಸು ಯೋಚಿಸಿ. ತಿರುಗುವುದು ಮೂತಿಯಿಂದಲ್ಲ, ನಡುವಿನಿಂದ. ಹಾಗಾಗಿ ಮುಂಭಾಗ ಒಂದು ದಡ ತಪ್ಪಿಸಿದರೆ ಹಿಂಭಾಗ ಇನ್ನೊಂದಕ್ಕೆ ಬಡಿಯುತ್ತದೆ. ಗಾಬರಿಯಾಗಿ ಎಂಜಿನ್ ನಿಲ್ಲಿಸಿದರೆ ಚುಕ್ಕಾಣಿಯ ಹಿಡಿತವೂ ತಪ್ಪುತ್ತದೆ. ನೆಲದ ಮಟ್ಟ ಬದಲಾಗುವ ಕಡೆ 'ಲಾಕ್' ಇರುತ್ತದೆ. ಎರಡೂ ತುದಿಗೆ ಬಾಗಿಲಿರುವ ಕಲ್ಲಿನ ತೊಟ್ಟಿ ಅದು. ದೋಣಿಯನ್ನು ಒಳಗಿಟ್ಟು ಬಾಗಿಲು ಹಾಕಿ, ತೂಬು ಎತ್ತಿ, ನೀರು ಇಳಿಸಿ ಅಥವಾ ಏರಿಸಿ ದಾಟಬೇಕು. ಇಳಿಯುವಾಗ ಮೇಲಿನ ಬಾಗಿಲಿನ ಬುಡದಲ್ಲಿ ನೀರೊಳಗೆ ಹೊಸ್ತಿಲಿನಂಥ ಕಲ್ಲಿನ ಅಂಚು ಇರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತರೆ, ನೀರು ಇಳಿದಂತೆ ಮೂತಿ ಕೆಳಗಾಗಿ ಕೆಲವೇ ಕ್ಷಣಗಳಲ್ಲಿ ದೋಣಿ ತುಂಬಿಕೊಳ್ಳುತ್ತದೆ. ಬಾಡಿಗೆ ಕೊಟ್ಟವನು ಇದನ್ನೆಲ್ಲ ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಒಂದು ಗಂಟೆ ನನ್ನ ಪಕ್ಕದಲ್ಲಿ ನಿಂತು, ನನ್ನಿಂದಲೇ ಮಾಡಿಸಿ, ಮೊದಲ ಲಾಕ್ ದಾಟಿಸಿದ ಮೇಲೆ ಇಳಿದು ಹೋದ.

ಅವರದು ವಿರಾಮದ ಆಟ, ನಮ್ಮದು ಜೀವನದ ಪ್ರಶ್ನೆ, ಹೋಲಿಕೆ ಸಲ್ಲದೆಂದು ಓದುಗರು ಹೇಳಬಹುದು. ನಿಂತ ನೀರಿನ ಆ ದೋಣಿಯಾನವನ್ನು ನೋಡಿದ್ದರೆ ನಮ್ಮ ಅಂಬಿಗರು ನಗುತ್ತಿದ್ದರು, ಅದೂ ನಿಜ. ಆದರೆ ಆ ಕಾಲುವೆಗಳೂ ಒಮ್ಮೆ ಸತ್ತಂತೆಯೇ ಆಗಿದ್ದವು. ಹದಿನೆಂಟನೆಯ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸಲು ತೋಡಿದ ಅವನ್ನು ಮೊದಲು ರೈಲು, ಆಮೇಲೆ ಲಾರಿ ಮೂಲೆಗುಂಪು ಮಾಡಿದವು. 1944ರಲ್ಲಿ ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ ತಮ್ಮ ದೋಣಿವಾಸದ ಬಗ್ಗೆ ಪುಸ್ತಕ ಪ್ರಕಟಿಸಿದರು. 1946ರಲ್ಲಿ ಕಾಲುವೆಗಳ ಉಳಿವಿಗಾಗಿ ಸಂಘವೊಂದು ಹುಟ್ಟಿತು. ಇಂದು ಸುಮಾರು ಎರಡು ಸಾವಿರ ಮೈಲಿ ಜಲಮಾರ್ಗವನ್ನು ದತ್ತಿ ಸಂಸ್ಥೆಯೊಂದು ನೋಡಿಕೊಳ್ಳುತ್ತಿದೆ, ಲಾಕ್‌ಗಳ ಬಳಿ ಸ್ವಯಂಸೇವಕರು ನಿಲ್ಲುತ್ತಾರೆ, ದೋಣಿಗೆ ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತೆಯ ಪರೀಕ್ಷೆ ಕಡ್ಡಾಯ. ಉಪಯೋಗ ತೀರಿತೆಂದು ಅವರು ವಿದ್ಯೆಯನ್ನು ಬಿಡಲಿಲ್ಲ. ಹೊಸಬನಿಗೆ ಒಂದು ಗಂಟೆಯಲ್ಲಿ ದಾಟಿಸಬಹುದಾದ ರೂಪದಲ್ಲಿ ಅದನ್ನು ಇಟ್ಟುಕೊಂಡರು.

ನಮ್ಮಲ್ಲಿ ಏನಾಗುತ್ತದೆ? ದುರಂತವಾದಾಗ ಒಂದು ವಾರ ದೋಣಿಯ ಮಾತು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಹೆಚ್ಚು ಜನರನ್ನು ಹೇರಿದ್ದು, ಜೀವರಕ್ಷಕ ಅಂಗಿಗಳ ಕೊರತೆ, ಎಲ್ಲವೂ ಆಗ ಚರ್ಚೆಯಾದವು. ಪ್ರವಾಹ ಬಂದಾಗ ರಬ್ಬರ್ ದೋಣಿಗಳೊಡನೆ ರಕ್ಷಣಾ ತಂಡಗಳು ಬರುತ್ತವೆ. ಅವರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಯಾವ ಬಂಡೆ ಎಲ್ಲಿ ನೀರಡಿಯಲ್ಲಿದೆ, ಸುಳಿ ಯಾವ ಮಡುವಿನಲ್ಲಿದೆ ಎಂಬುದನ್ನು ಅವರಿಗೆ ತೋರಿಸುವವರು ಊರಿನಲ್ಲಿರಬೇಕಲ್ಲ.

ಇದಕ್ಕೆ ಕಾನೂನಿನ ಆಸರೆ ಇಲ್ಲದಿಲ್ಲ. 1917ರ ಕಾಯ್ದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಅವುಗಳ ನೋಂದಣಿಯನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲೇ ಮಾಡಲು ಅವಕಾಶ ಕೊಟ್ಟಿದೆ. ಎಂದರೆ ಹೊಳೆ ದಡದ ಗ್ರಾಮ ಪಂಚಾಯಿತಿಯೇ ಈ ಕೆಲಸ ಮಾಡಬಹುದು. ಆದರೆ ಬರಿಯ ನೋಂದಣಿಯೆಂದರೆ ಇನ್ನೊಂದು ದಪ್ತರ, ಇನ್ನೊಂದು ಶುಲ್ಕ; ಅದರಿಂದ ಯಾರ ಜೀವವೂ ಉಳಿಯದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಸಂಕ, ತೂಗುಸೇತುವೆ ಅಥವಾ ಕಿರುಸೇತುವೆಯೊಂದನ್ನೇ ನಂಬಿದ ಊರುಗಳೆಷ್ಟು, ಅದು ಹೋದರೆ ಎಲ್ಲಿ ದೋಣಿ ಹಾಕಬಹುದು, ಹಾಕಲು ಬಲ್ಲವರು ಯಾರು ಎಂಬ ಪಟ್ಟಿ ಮೊದಲು ಬೇಕು. ಬಲ್ಲವರು ಎಪ್ಪತ್ತು ದಾಟಿದವರು. ಅವರಿಗೆ ಗೌರವಧನ ಕೊಟ್ಟು, ಪ್ರತಿ ವರ್ಷ ನೀರು ಇಳಿದ ಮೇಲೆ ಹದಿನೈದು ದಿನ ಊರಿನ ನಾಲ್ಕಾರು ಹುಡುಗ ಹುಡುಗಿಯರಿಗೆ ಕಲಿಸಲು ಹೇಳಬೇಕು. ಶರಾವತಿ ಹಿನ್ನೀರಿನಲ್ಲಿ ವರ್ಷಗಟ್ಟಲೆ ಬಸ್ಸು, ಕಾರುಗಳನ್ನು ತೂಕ ನೋಡಿ ಹತ್ತಿಸಿ, ಗಾಳಿ ನೋಡಿ ದಡಕ್ಕೆ ತಾಗಿಸಿದ ಲಾಂಚ್ ಸಿಬ್ಬಂದಿಯ ಅನುಭವವನ್ನೂ ಬಳಸಿಕೊಳ್ಳಬಹುದು. ನೂರಾರು ಕೋಟಿ ರೂಪಾಯಿಯ ಸೇತುವೆಯ ಮುಂದೆ ಈ ಖರ್ಚು ಲೆಕ್ಕಕ್ಕೇ ಬಾರದು.

ಇನ್ನೊಂದು ಮಾತನ್ನು ಲಿಖಿತವಾಗಿ ಸೇರಿಸಬೇಕೆಂದು ನನ್ನ ಒತ್ತಾಯ. ದೋಣಿ ಬಿಡುವುದಿಲ್ಲ ಎನ್ನುವ ಅಧಿಕಾರ ನಡೆಸುವವನದೇ ಆಗಿರಬೇಕು. ತಹಶೀಲ್ದಾರರಾಗಲಿ, ಜನಪ್ರತಿನಿಧಿಯಾಗಲಿ, ತಿಥಿಗೆ ಹೊರಟ ಹೆಗಡೆಯಾಗಲಿ ಅವನ ಮೇಲೆ ಒತ್ತಡ ಹೇರುವಂತಿರಬಾರದು.

ಅಂದು ದಾಟಿಸಿದ ಹುಡುಗನ ಬಳಿ ಮರಳುವಾಗ ಕೇಳಿದೆ, ಹಳೆಯ ಅಂಬಿಗರ ಮನೆಯವರು ಯಾರಾದರೂ ಇದ್ದಾರೆಯೇ ಎಂದು. ಮೊಮ್ಮಗನೊಬ್ಬ ಯಲ್ಲಾಪುರದಲ್ಲಿ ಆಟೋ ಓಡಿಸುತ್ತಾನೆ ಎಂದ. ಪೇಟೆಯಲ್ಲಿ ಆ ಮೊಮ್ಮಗನನ್ನು ಹುಡುಕಿ ಮಾತನಾಡಿಸಿದೆ. ಅಜ್ಜನ ಗಳ ಇನ್ನೂ ಮನೆಯ ಮಾಡಿನಡಿ ಇದೆಯಂತೆ. "ಹೊಳೆ ದಾಟ್ಸೂಕೆ ಅಜ್ಜ ಹೇಳ್ಕೊಟ್ಟಿದ್ರಾ?" ಎಂದೆ. "ನಾವ್ ಕೇಳ್ಲೇ ಇಲ್ಲ ಹೆಗಡೇರೆ" ಎಂದು ಅವನು ಆಟೋ ಸ್ಟಾರ್ಟ್ ಮಾಡಿದ.