ಹಾರ್ನ್ ಹೊಡೆದರೆ ಜವಾಬ್ದಾರಿ ಮುಗೀತಾ?

ಫೋಟೋದಲ್ಲಿ ಸೈಕಲ್ ನೋಡಬೇಡಿ. ಅದರ ಚಕ್ರದ ಪಕ್ಕ ಡಾಮರು ಮುಗಿಯುವ ಜಾಗ ನೋಡಿ. ಅಲ್ಲಿಂದ ಕೆಳಗೆ ಮಣ್ಣಿಗೆ ಒಂದು ಗೇಣು ಆಳ ಉಂಟು. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತರೆ ಆಳ ಎಷ್ಟು ಅಂತಲೂ ಗೊತ್ತಾಗುವುದಿಲ್ಲ. ಈಗ ಹಿಂದಿನಿಂದ ಒಂದು ಟಿಪ್ಪರ್ ಹಾರ್ನ್ ಹೊಡೀತದೆ. ಅದರ ಅರ್ಥ "ಇಳಿ" ಅಂತ. ಎಲ್ಲಿಗೆ ಇಳಿಯುವುದು ಮಾರಾಯ್ರೆ?

ಗುರುವಾಯನಕೆರೆಯಿಂದ ಅಳದಂಗಡಿ, ನಾರಾವಿ ಕಡೆಗೆ ಹೋಗುವ ರಸ್ತೆಯಲ್ಲಿ ದಿನಾ ಬಸ್ಸಲ್ಲಿ ಓಡಾಡುವವರಿಗೆ ಇದು ಹೊಸತಲ್ಲ. ತಿರುವು, ಏರು, ಮತ್ತೆ ತಿರುವು. ಸೈಕಲ್‌ನಲ್ಲಿ ಹೋಗುವವರು ಯಾರು ಅಂತ ನೋಡಿ: ಶಾಲೆ ಮಕ್ಕಳು, ಡೈರಿಗೆ ಹಾಲು ಕೊಡುವವರು, ಬೆಳಿಗ್ಗೆ ಕೆಲಸಕ್ಕೆ ಹೊರಟ ಅಜ್ಜಂದಿರು. ಯಾರೂ ಶೋಕಿಗೆ ಬಂದವರಲ್ಲ.

ನೆನಪುಂಟಾ, ಎಂಟನೇ ಕ್ಲಾಸಲ್ಲಿ ನಮಗೆ ಸರ್ಕಾರದ ಸೈಕಲ್ ಸಿಕ್ಕಿದ್ದು? 2006-07ರಲ್ಲಿ ಶುರುವಾದ ಯೋಜನೆ ಅದು, ಕೊರೊನಾ ಬಂದ ಮೇಲೆ ನಿಂತುಹೋಯ್ತು. ಲಕ್ಷಗಟ್ಟಲೆ ಮಕ್ಕಳಿಗೆ ಸೈಕಲ್ ಕೊಟ್ಟರು, ಅದನ್ನು ಬಿಡಲಿಕ್ಕೆ ರಸ್ತೆಯ ಅಂಚಲ್ಲಿ ಮೂರಡಿ ಜಾಗ ಮಾತ್ರ ಕೊಡಲಿಲ್ಲ.

ಇದನ್ನು ಹೇಳಿದರೆ ಒಂದು ಉತ್ತರ ಗ್ಯಾರಂಟಿ: "ಸೈಕಲ್‌ನವರಿಗೆ ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಆದ್ರೂ ರೋಡ್ ಬೇಕು." ಬಿಕಾಂನವರಾದರೂ ಈ ಮಾತು ಹೇಳಬಾರದು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಯಾಕೆ? 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ್ದು ಒಟ್ಟಿಗೇ ಕಟ್ಟಿಸಿಕೊಳ್ಳುವುದು ಯಾಕೆ? ಮೊದಲ ಪಾರ್ಟಿ ನೀವು, ಎರಡನೆಯದು ಕಂಪನಿ, ಮೂರನೆಯವರು ನಿಮ್ಮ ಗಾಡಿಯಿಂದ ಪೆಟ್ಟಾಗಬಹುದಾದ ಆ ಸೈಕಲ್ ಹುಡುಗಿ. ಅಪಾಯ ನಿಮ್ಮ ಇಂಜಿನ್‌ನಿಂದ ಬರ್ತದೆ, ಅದಕ್ಕೇ ಲೈಸೆನ್ಸೂ ಪ್ರೀಮಿಯಮ್ಮೂ ನಿಮ್ಮ ಹೆಸರಲ್ಲಿ. ಟ್ಯಾಕ್ಸ್ ಕಟ್ಟಿದ್ದಕ್ಕೆ ರಸ್ತೆಯನ್ನೇನೂ ನಿಮ್ಮ ಹೆಸರಿಗೆ ಬರೆದು ಕೊಟ್ಟಿಲ್ಲ.

2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೂ ಇದು ಸ್ಪಷ್ಟ: ನಡೆದು ಹೋಗುವವರು, ಸೈಕಲ್‌ನವರು, ಮಕ್ಕಳು, ವಯಸ್ಸಾದವರು, ಅಂಗವಿಕಲರ ಬಗ್ಗೆ ಗಾಡಿ ಬಿಡುವವರೇ ವಿಶೇಷ ಎಚ್ಚರ ವಹಿಸಬೇಕು. ಹಾರ್ನ್ ಹೊಡೆದ ಕೂಡಲೇ ಆ ಎಚ್ಚರ ಮುಂದಿನವರ ತಲೆಗೆ ದಾಟುವುದಿಲ್ಲ.

ಸಣ್ಣ ಲೆಕ್ಕ ಒಂದು. 60ರಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರ್ತದೆ. ನೀವು ಸೈಕಲ್ ನೋಡಿ, ಬ್ರೇಕಿಗೆ ಕಾಲು ಒತ್ತುವಷ್ಟರಲ್ಲಿ ಇಷ್ಟು. 30ರಲ್ಲಾದರೆ ಅದರ ಅರ್ಧ. ಬ್ರೇಕ್ ಹಿಡಿದ ಮೇಲೆ ನಿಲ್ಲಲಿಕ್ಕೆ ಬೇಕಾದ ದೂರವಂತೂ 60ರಲ್ಲಿ ನಾಲ್ಕು ಪಟ್ಟು. ಒದ್ದೆ ರಸ್ತೆಯಲ್ಲಿ ಇನ್ನೂ ಜಾಸ್ತಿ. ತಿರುವಿನಲ್ಲಿ ಸೈಕಲ್ ಹಿಂದೆ ಹತ್ತು ಸೆಕೆಂಡ್ ನಿಧಾನಕ್ಕೆ ಹೋದರೆ ಫಸ್ಟ್ ಅವರ್ ಅಟೆಂಡೆನ್ಸ್ ಏನೂ ತಪ್ಪುವುದಿಲ್ಲ.

ಸೈಕಲ್‌ನವರದ್ದೂ ಉಂಟು, ಇಲ್ಲ ಅಂತ ಅಲ್ಲ. ಹಿಂದೆ ರಿಫ್ಲೆಕ್ಟರ್ ಇರಲಿ, ಸಂಜೆ ಹೋಗುವವರು ಕೆಂಪು ಲೈಟ್ ಹಾಕಿ, ಮಾತಾಡ್ತಾ ಮೂರು ಜನ ಸಾಲಾಗಿ ಹೋಗಬೇಡಿ, ಒಂದು ಕೈಯಲ್ಲಿ ಕೊಡೆ ಹಿಡಿಯುವುದು ಬಿಡಿ, ರೈನ್‌ಕೋಟ್ ಹಾಕಿ. ಆದರೆ ಇಷ್ಟೆಲ್ಲ ಮಾಡಿದ ಹುಡುಗನಿಗೂ ಎದುರಿನಿಂದ ಹೈಬೀಮ್ ಹಾಕಿ ಓವರ್‌ಟೇಕ್‌ಗೆ ಬರುವ ಕಾರಿನಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಇನ್ನು ಆ ಒಂದು ಗೇಣು ಆಳದ ವಿಷಯ. ಅದಕ್ಕೆ ದೊಡ್ಡ ಪ್ರಾಜೆಕ್ಟ್ ಬೇಡ, ಡಾಮರಿನ ಮಟ್ಟಕ್ಕೆ ಮಣ್ಣು, ಜಲ್ಲಿ ತುಂಬಿಸಿ ರೋಲರ್ ಹೊಡೆದರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಬೇಕು ಅಂತ ಉಂಟು. ಬರೀ ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಫೋಟೋ ಬೇಕು. ನಿಮ್ಮ ಊರಿನ ಹತ್ತಿರ ಸೈಕಲ್ ಇಳಿಸಲಿಕ್ಕೆ ಆಗದ ಜಾಗ ಇದ್ದರೆ ಫೋಟೋ ತೆಗೆದು, ಯಾವ ತಿರುವು ಅಂತ ಬರೆದು ಮೆಸೇಜ್ ಮಾಡಿ. ಗಾಡಿ ನಿಲ್ಲಿಸಿ ತೆಗೀರಿ, ಓಡಿಸ್ತಾ ಅಲ್ಲ.

#ಅಳದಂಗಡಿ #ಬೆಳ್ತಂಗಡಿ #ಸೈಕಲ್