ಹಲ್ಲಿನ ಪಾಚಿಯಲ್ಲಿ ಕಡಲ ಪಾಚಿ

ಹಲ್ಲುಜ್ಜದಿದ್ರೆ ಪಾಚಿ ಕಟ್ಟುತ್ತೆ ಅಂತ ಅಮ್ಮ ಬೈತಿದ್ದದ್ದು ನಿಮಗೂ ನೆನಪಿರಬೇಕು. ಆ ಪಾಚಿ ಗಟ್ಟಿಯಾಗಿ ಕಿಟ್ಟವಾದರೆ ಸಾವಿರಾರು ವರ್ಷ ಉಳಿಯುತ್ತೆ! 2023ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಯುರೋಪಿನ 28 ಹಳೆಯ ನೆಲೆಗಳ 74 ಜನರ ಹಲ್ಲಿನ ಕಿಟ್ಟ ಪರೀಕ್ಷಿಸಿದ್ದರು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಕಲ್ಲುಗೋರಿಗಳೂ ಅದರಲ್ಲಿದ್ದವು. ಅವರಲ್ಲಿ ಹಲವರು ಕಡಲಪಾಚಿ ತಿಂದಿದ್ದರು ಅನ್ನೋದಕ್ಕೆ ರಾಸಾಯನಿಕ ಗುರುತು ಸಿಕ್ಕಿತು.

ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. ಮೊಳಕಾಲ್ಮೂರು ತಾಲೂಕಿನ ಈ ಜಾಗದಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಬೃಹತ್ ಶಿಲಾಯುಗದ ಗೋರಿಗಳಲ್ಲಿ ಸಿಕ್ಕ ಒಡವೆಗಳು 33 ಚಿನ್ನದ ಮಣಿ, 2 ಕಲ್ಲಿನ ಮಣಿ, 4 ತಾಮ್ರದ ಬಳೆ... ಜೊತೆಗೊಂದು ಶಂಖ.

ಶಂಖ! ಅಲ್ಲಿಂದ ಯಾವ ಕಡಲಿಗೆ ಹೋಗಬೇಕಾದರೂ 200 ಕಿಲೋಮೀಟರಿಗಿಂತ ಹೆಚ್ಚು. ಕೈಯಿಂದ ಕೈಗೆ ಮಾರಾಟವಾಗುತ್ತಾ ಬಂತೋ, ಇಲ್ಲಾ ಕರಾವಳಿಯಲ್ಲಿ ಹುಟ್ಟಿದ ಯಾರಾದರೂ ಜೊತೆಗೆ ತಂದರೋ? ಇದನ್ನು ಚಿನ್ನ ಹೇಳೋದಿಲ್ಲ, ಶಂಖವೊಂದೇ ಹೇಳೋದಿಲ್ಲ. ಹಲ್ಲು ಹೇಳಬಹುದು. ಎನಾಮೆಲ್‌ನಲ್ಲಿರುವ ಸ್ಟ್ರಾನ್ಷಿಯಂ ನೋಡಿ ಬಾಲ್ಯ ಯಾವ ನೆಲದಲ್ಲಿ ಕಳೆಯಿತು ಅಂತ ಅಂದಾಜು ಮಾಡ್ತಾರೆ, ಕಿಟ್ಟ ನೋಡಿ ಏನು ತಿಂದರು ಅಂತ. ನಮ್ಮ ಬಿಸಿಲಿಗೆ, ಮಣ್ಣಿಗೆ ಎಲುಬು ಚೆನ್ನಾಗಿ ಉಳಿಯೋದು ಕಷ್ಟ, ನಿಜ. ಆದರೆ ದೇಹದಲ್ಲೆಲ್ಲ ಗಟ್ಟಿ ಹಲ್ಲಿನ ಎನಾಮೆಲ್ಲೇ.

ನನ್ನ ಸಂಕಟ ಇರೋದು ಇಲ್ಲೇ. ನಮ್ಮ ಕಡೆ ಹಳೇ ಗೋರಿ ಅಂದ್ರೆ ನಿಧಿ. ರಾತ್ರೋರಾತ್ರಿ ಅಗೆದು, ಚಪ್ಪಡಿ ಒಡೆದು, ಚಿನ್ನ ಸಿಗದೆ ಎಲುಬು, ಮಡಕೆ ಚೂರು ಚೆಲ್ಲಿ ಹೋಗ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಾಸ್‌ವರ್ಡ್ ಹುಡುಕೋಕೆ ಬಂದವನು ಇಡೀ ಹಾರ್ಡ್ ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿ ಹೋದ ಹಾಗೆ. ಇದಕ್ಕೆ ಬ್ಯಾಕಪ್ ಬೇರೆ ಇಲ್ಲ. ಒಳ್ಳೆ ಮನಸ್ಸಿನವರೂ ಸಿಕ್ಕ ಹಲ್ಲು, ಮಡಕೆಯನ್ನು ಚೆನ್ನಾಗಿ ತೊಳೆದು ಇಟ್ಟುಬಿಟ್ಟರೆ ಅರ್ಧ ಸಾಕ್ಷಿ ನೀರಿನ ಜೊತೆ ಹೋಯಿತು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೊಲ ಇರುವ ಗೆಳೆಯರೇ, ಉಳುವಾಗ ಇಂಥದ್ದೇನಾದರೂ ಕಂಡರೆ ಅಗೆಯಬೇಡಿ, ತೊಳೆಯಬೇಡಿ. ಫೋಟೋ ತೆಗೆದು ತಹಸೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಆ ಕೊಳೆಯಲ್ಲೇ ಕಡಲಿನ ದಾರಿ ಇದ್ದರೂ ಇರಬಹುದು.

ಅಂದಹಾಗೆ, ನಿಮ್ಮೂರಲ್ಲಿ ಇಂಥ ಕಲ್ಲುಗೋರಿಗಳಿಗೆ ಏನಂತ ಕರೀತಾರೆ?